ಕೆಂಪು ಗೆರೆಯ ಕೆಳಗಿನ ತಾಯಿ

ಓಡೆಟ್ ಬ್ರೈದಿ ಮದಾಮರಿಗೆ ತಮ್ಮ ಬಗ್ಗೆ ಒಂದು ಹೆಮ್ಮೆ ಇತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ಹನ್ನೆರಡು ವರ್ಷದ ಪಾಠದಲ್ಲಿ ಅವರ ಕ್ಲಾಸಿನಿಂದ ಯಾವ ಹುಡುಗನೂ ಹುಡುಗಿಯೂ ತನ್ನ ಧರ್ಮದ ಕಾರಣಕ್ಕೆ ಮುಖ ಸಣ್ಣದು ಮಾಡಿಕೊಂಡು ಹೋಗಿರಲಿಲ್ಲ. ಲೆಬನಾನಿನಲ್ಲಿ ಇದು ಸಣ್ಣ ಮಾತಲ್ಲ. ದಮಾಸ್ಕಸ್ ರಸ್ತೆ ಬೆಟ್ಟ ಹತ್ತುವ ಕಡೆ ಇರುವ ಆ ನರ್ಸಿಂಗ್ ಕಾಲೇಜಿಗೆ ಬೈರೂತಿನ ದಕ್ಷಿಣದ ಬಡಾವಣೆಗಳಿಂದ ಶಿಯಾ ಹುಡುಗಿಯರು ಬರುತ್ತಿದ್ದರು. ಬೆಕಾ ಬಯಲಿನಿಂದ ಸುನ್ನಿಗಳು, ಜಹ್ಲೆಯಿಂದ ಕ್ರೈಸ್ತರು, ಬುರ್ಜ್ ಹಮ್ಮೂದಿನಿಂದ ಅರ್ಮೇನಿಯನ್ನರು, ಸುತ್ತಲ ಹಳ್ಳಿಗಳಿಂದ ದ್ರೂಜರು. ಇವರ ಅಪ್ಪಂದಿರು ಅಂತರ್ಯುದ್ಧದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರು. ಮಕ್ಕಳು ಈಗ ಒಂದೇ ಬೆಂಚಿನ ಮೇಲೆ ಕೂತು ಒಬ್ಬರ ತೋಳಿಗೊಬ್ಬರು ಸೂಜಿ ಚುಚ್ಚಿ ಕಲಿಯುತ್ತಿದ್ದರು.

ಮದಾಮರ ಕೈಚೀಲದಲ್ಲಿ ಒಂದು ದಪ್ಪ ಡೈರಿ. ಅದರಲ್ಲಿ ಎಲ್ಲರ ಹಬ್ಬಗಳೂ ಇದ್ದವು. ರಂಜಾನಿನಲ್ಲಿ ಮಧ್ಯಾಹ್ನದ ಮೇಲೆ ಪ್ರಾಕ್ಟಿಕಲ್ ಇಡಬಾರದು. ಶಿಯಾಗಳು ಶೋಕ ಆಚರಿಸುವ ಆಶೂರಾದ ದಿನ ಟೆಸ್ಟ್ ಕೂಡದು. ಜನವರಿ ಆರಕ್ಕೆ ಅರ್ಮೇನಿಯನ್ನರ ಕ್ರಿಸ್ಮಸ್. ಕ್ಯಾಥೊಲಿಕರ ಶುಭ ಶುಕ್ರವಾರವೇ ಬೇರೆ, ಆರ್ಥೊಡಾಕ್ಸರದೇ ಬೇರೆ, ಎರಡಕ್ಕೂ ರಜೆ. ಮೊದಲ ದಿನ ಹಾಜರಿ ಹಾಳೆಯಲ್ಲಿ ಊರಿನ ಹೆಸರು ಬರೆಯಲು ಯಾರಿಗೂ ಬಿಡುತ್ತಿರಲಿಲ್ಲ, ಏಕೆಂದರೆ ಅಲ್ಲಿ ಊರು ಗೊತ್ತಾದರೆ ಜಾತಕವೇ ಗೊತ್ತಾದಂತೆ. ಉಪವಾಸದ ತಿಂಗಳಲ್ಲಿ ಸ್ವತಃ ಅವರೇ ಸಂಜೆಯವರೆಗೆ ಹನಿ ನೀರು ಕುಡಿಯದೆ ಪಾಠ ಮಾಡಿ, ಗಂಟಲು ಒಣಗಿ ಗೊಗ್ಗರು ದನಿಯಲ್ಲಿ ಮನೆಗೆ ಹೋಗುತ್ತಿದ್ದರು.

ಅವರೇನು ಹುಟ್ಟಾ ಮೇಷ್ಟರಲ್ಲ. ಜಹ್ಲೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಊರಿಗೆ ಮುತ್ತಿಗೆ ಬಿದ್ದ ವರ್ಷ, ಇಪ್ಪತ್ತೊಂಬತ್ತರ ಪ್ರಾಯದಲ್ಲಿ, ನೆಲಮಾಳಿಗೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಗಾಯಗಳಿಗೆ ಹೊಲಿಗೆ ಹಾಕಿದವರು. ಮದುವೆಯಾಗಬೇಕಿದ್ದ ಗಂಡು ಆ ಗಲಾಟೆಯಲ್ಲೇ ಮಾಂಟ್ರಿಯಲ್‌ಗೆ ಹಾರಿ, ಎರಡು ಕಾಗದ ಬರೆದು ಸುಮ್ಮನಾದ. ಮದಾಮ್ ಅತ್ತದ್ದನ್ನು ಯಾರೂ ನೋಡಲಿಲ್ಲ. ಮೂವತ್ತೈದು ದಾಟಿದ ಮೇಲೆ ಜೀವಶಾಸ್ತ್ರ ಓದಿದರು, ಯುದ್ಧ ನಿಂತು ಬೆಟ್ಟದ ರಸ್ತೆ ತೆರೆದ ವರ್ಷ ಈ ಕಾಲೇಜಿಗೆ ಸೇರಿದರು. ಅಂದಿನಿಂದ ಪ್ರತಿ ಬ್ಯಾಚಿಗೂ ಅವರ ಮೊದಲ ಮಾತು ಒಂದೇ. “ರಕ್ತದ ಬಾಟಲಿ ಮೇಲೆ ದೇವರ ಹೆಸರು ಬರೆದಿರಲ್ಲ, ಗುಂಪು ಬರೆದಿರುತ್ತೆ. ನಿಮ್ಮ ದೇವರುಗಳನ್ನ ಗೇಟಿನ ಹತ್ರ ಬಿಟ್ಟು ಬನ್ನಿ, ಸಂಜೆ ಹೋಗ್ತಾ ಜೋಪಾನವಾಗಿ ಕರಕೊಂಡು ಹೋಗಿ.”

ಆ ವರ್ಷದ ಅಕ್ಟೋಬರಿನಲ್ಲಿ ಪ್ರಿನ್ಸಿಪಾಲರು ಹೊಸ ಮೇಷ್ಟರುಗಳನ್ನೆಲ್ಲ ಕೂರಿಸಿ, ಬೇರೆ ಬೇರೆ ಧರ್ಮದ ಮಕ್ಕಳಿಗೆ ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡಲು ಓಡೆಟ್ ಮದಾಮರನ್ನೇ ಕರೆದರು. ಅವರು ಎರಡು ಗಂಟೆ ಮಾತಾಡಿದರು. ಡೈರಿ ಕೈಯಿಂದ ಕೈಗೆ ಹೋಯಿತು. ಒಬ್ಬ ಹೊಸಬ ಅದನ್ನು ಜೆರಾಕ್ಸ್ ಮಾಡಿಸಿಕೊಂಡ. ಮದಾಮ್ ಅಂದು ಬೀಗುತ್ತಲೇ ಮನೆಗೆ ಹೋದರು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಬಾಯಿಂದ ಎಂಥ ಮಾತು ಬರಲಿದೆ ಅನ್ನುವುದು ಅವರಿಗೆ ಹೇಗೆ ಗೊತ್ತಿರಬೇಕು.

ಎರಡನೇ ವರ್ಷದವರಿಗೆ ಅನುವಂಶೀಯತೆಯ ಪಾಠ ಬಂದಾಗ ಮದಾಮ್ ಒಂದು ಹೋಂವರ್ಕ್ ಕೊಡುತ್ತಿದ್ದರು. ಮೂರು ತಲೆಮಾರಿನ ವಂಶವೃಕ್ಷ ಬರೆದು ತರಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರ ಒಳಗೆ ಮಸಿ ತುಂಬಬೇಕು. ಸತ್ತವರ ಮೇಲೆ ಓರೆಯಾಗಿ ಒಂದು ಗೀಟು. ಹೆಸರು ಬರೆಯುವಂತಿಲ್ಲ. ಈ ಹೋಂವರ್ಕಿನಲ್ಲಿ ಎಡವಲು ನೂರು ಜಾಗ ಇದ್ದವು, ಮದಾಮ್ ಒಂದರಲ್ಲೂ ಎಡವಿದವರಲ್ಲ. ತಲಿನ್ ಎಂಬ ಅರ್ಮೇನಿಯನ್ ಹುಡುಗಿಯ ಮರ ಅಜ್ಜನ ಹತ್ತಿರ ಕಡಿದುಹೋಗಿತ್ತು, ಅಜ್ಜ ಅನಾಥಾಲಯದ ಕೂಸು. ಮದಾಮ್ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪೂರ್ತಿ ಅಂಕ ಕೊಟ್ಟರು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೊಳಗೇ ಮದುವೆಯಾದ ಮನೆಗಳ ಜೋಡಿಗೆರೆ ನೋಡಿ ಯಾರಾದರೂ ಕಿಸಕ್ಕೆಂದರೆ ಒಂದೇ ನೋಟದಲ್ಲಿ ಬಾಯಿ ಮುಚ್ಚಿಸುತ್ತಿದ್ದರು.

ಆಮೇಲೆ ನಿಝಾರ್ ಎದ್ದು ಬಂದ. ಪಕ್ಕದ ಬೆಟ್ಟದ ದ್ರೂಜ್ ಹುಡುಗ, ಇಪ್ಪತ್ತು ವರ್ಷ, ಕ್ಲಾಸಿನಲ್ಲಿ ಸೂಜಿ ಹಾಕುವುದರಲ್ಲಿ ಎಲ್ಲರಿಗಿಂತ ಹಗುರ ಕೈ. ಅವನ ಹಾಳೆ ಉಳಿದವರದಕ್ಕಿಂತ ದುಪ್ಪಟ್ಟು ದೊಡ್ಡದು. ಅದರಲ್ಲಿ ಒಂದಲ್ಲ, ಎರಡು ಮರ. ಅವನ ಚೌಕದಿಂದ ಮೇಲಕ್ಕೆ ಒಂದು ತುಂಬುಗೆರೆ ಹೋಗಿ ಅಪ್ಪ ಅಮ್ಮನನ್ನು ಮುಟ್ಟಿತ್ತು. ಇನ್ನೊಂದು ಚುಕ್ಕಿಗೆರೆ ಪಕ್ಕದ ಒಂದು ಚೌಕಕ್ಕೆ ಹೋಗಿತ್ತು. ಆ ಚೌಕದ ಮೇಲೆ ಗೀಟು, ಕೆಳಗೆ ‘ಹತ್ತೊಂಬತ್ತು ವರ್ಷ, ಶೆಲ್’ ಎಂದಿತ್ತು. ಅಲ್ಲಿಂದ ಮೇಲೆ ಇನ್ನೊಬ್ಬ ಅಪ್ಪ, ಅವನ ಮೇಲೂ ಗೀಟು. ಇನ್ನೊಬ್ಬ ಅಮ್ಮ, ಮಸಿ ತುಂಬಿದ ವೃತ್ತ, ಸಕ್ಕರೆ ಕಾಯಿಲೆ.

“ಇದೇನಪ್ಪ, ದತ್ತು ಹೋಗಿದ್ದೀಯಾ?” ಮದಾಮ್ ಕೇಳಿದರು.

“ಇಲ್ಲ ಮದಾಮ್. ಇದು ಈಗಿನ ಅಮ್ಮ. ಇದು ಮೊದಲಿನ ಅಮ್ಮ. ನಾನು ನಾತಿಕ್.”

ಹಿಂದಿನ ಜನ್ಮವನ್ನು ಬಾಯಿಬಿಟ್ಟು ಹೇಳಿದ ಮಗುವಿಗೆ ದ್ರೂಜರು ಹಾಗನ್ನುತ್ತಾರೆ. ದೇಹ ಅಂದರೆ ಅವರಿಗೆ ಅಂಗಿ. ಹಳೆಯದು ಹರಿದ ಗಳಿಗೆಯಲ್ಲೇ ಜೀವ ಎಲ್ಲೋ ಒಂದು ಹೊಸದನ್ನು ತೊಟ್ಟಾಗಿರುತ್ತದೆ. ಮದಾಮರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಡೈರಿಯಲ್ಲಿ ಅದಕ್ಕೊಂದು ಪುಟವೇ ಇತ್ತು. ಆದರೆ ಡೈರಿಯಲ್ಲಿದ್ದದ್ದು ಹೀಗೆ ಸಕ್ಕರೆ ಕಾಯಿಲೆಯ ಸಮೇತ ಹಾಳೆಯ ಮೇಲೆ ಬಂದು ಎದುರಿಗೆ ನಿಲ್ಲುತ್ತದೆ ಅಂತ ಅವರು ಎಣಿಸಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, “ಲೋ, ಹಿಂದಿನ ಜನ್ಮದಲ್ಲಾದರೂ ಅಂಗರಚನೆ ಪಾಸಾಗಿದ್ಯಾ?” ಅಂದ. ನಗು ಶುರುವಾಯಿತು. ಮುಂದಿನ ಸಾಲಿನ ಇಬ್ಬರು ದ್ರೂಜ್ ಹುಡುಗಿಯರು ತಲೆ ತಗ್ಗಿಸಿದರು.

ಇದನ್ನು ಬೇಗ ಮುಗಿಸಬೇಕು, ಹುಡುಗ ನಗೆಪಾಟಲಾಗಬಾರದು ಅನ್ನುವುದೇ ಮದಾಮರ ಮನಸ್ಸಿನಲ್ಲಿದ್ದದ್ದು. ಇದನ್ನು ಅವರ ಪರವಾಗಿ ಹೇಳಲೇಬೇಕು. ಕೆಂಪು ಪೆನ್ನು ತೆಗೆದು ಎರಡನೇ ಮರದ ಮೇಲೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಒಂದು ಗೆರೆ ಎಳೆದರು. “ಇಲ್ಲಿ ರಕ್ತದಲ್ಲಿ ಹರಿಯೋದಷ್ಟೇ ಲೆಕ್ಕಕ್ಕೆ, ನಿಝಾರ್. ಮನೇಲಿ ಹೇಳಿದ್ದನ್ನೆಲ್ಲ ಹಾಗೇ ನಂಬಬಾರದು. ಸಾಕ್ಷಿ ಏನು ಅಂತ ಕೇಳಬೇಕು, ಬೇರೆ ದಾರಿಯಿಂದ ಬಂದಿರಬಹುದಾ ಅಂತ ನೋಡಬೇಕು.” ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹುಡುಗನ ಮುಖ ಸಪ್ಪಗಾದದ್ದು ನೋಡಿ, ಹಗುರ ಮಾಡೋಣ ಅಂತ ಬಾಲ ಸೇರಿಸಿದರು. “ಒಬ್ಬ ಅಮ್ಮ ಸಾಕು ಕಣಪ್ಪ. ಎರಡು ಕಡೆ ಊಟ ಹೊಡೆದರೆ ನಿನಗೇ ಸಕ್ಕರೆ ಕಾಯಿಲೆ ಬರುತ್ತೆ.”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಝಾರನೂ ನಕ್ಕ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೋಗಿ ಕೂತ. ಎಷ್ಟು ನಾಜೂಕಾಗಿ ಸಂಭಾಳಿಸಿದೆ ಅಂತ ಮದಾಮ್ ಸಮಾಧಾನಪಟ್ಟುಕೊಂಡರು.

ಹುಡುಗ ಕ್ಲಾಸು ತಪ್ಪಿಸಲಿಲ್ಲ. ಮೊದಲಿಗಿಂತ ಹೆಚ್ಚು ಗಮನವಿಟ್ಟು ಕೂರತೊಡಗಿದ, ಪ್ರಶ್ನೆ ಕೇಳತೊಡಗಿದ, ಲೈಬ್ರರಿಯಿಂದ ದಪ್ಪ ಪುಸ್ತಕ ಒಯ್ಯತೊಡಗಿದ. ಮದಾಮ್ ಸ್ಟಾಫ್ ರೂಮಿನಲ್ಲಿ ಅವನನ್ನು ಹೊಗಳಿದ್ದೇ ಹೊಗಳಿದ್ದು. ಡಿಸೆಂಬರ್ ನಡುವೆ ಒಂದು ಮಂಗಳವಾರ, ಹೊರಗೆ ಮಂಜು ಮಳೆ ಎರಡೂ ಬೆರೆತು ಸುರಿಯುತ್ತಿದ್ದಾಗ, ಜವಾನ ಬಂದು ಯಾರೋ ಹಳ್ಳಿಯ ಅಜ್ಜಿ ಕಾಯುತ್ತಿದ್ದಾರೆ ಅಂದ.

ಕರಿ ನಿಲುವಂಗಿ, ತಲೆಯಿಂದ ಸೊಂಟದವರೆಗೆ ಇಳಿದ ಬಿಳಿ ಮುಸುಕು, ಒದ್ದೆಯಾದ ರಬ್ಬರ್ ಬೂಟು. ಅಜ್ಜಿ ಕೂರಲಿಲ್ಲ. ಎದೆಯ ಹತ್ತಿರದಿಂದ ಒಂದು ಕಾಗದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಸವರಿ ಇಟ್ಟರು.

“ನಾನು ಉಮ್ ಸಾಮಿಹ್. ಸಾಮಿಹ್‌ನ ತಾಯಿ. ನಿಝಾರನ ಮದಾಮ್ ಅಂದ್ರೆ ನೀನೇನಾ ಮಗಳೇ?”

“ಹೌದು, ನಾನೇ. ಕೂತ್ಕೊಳ್ಳಿ.”

“ನನಗೆ ಓದಕ್ಕೆ ಬರಲ್ಲ. ಇದರಲ್ಲಿ ನಾನು ಯಾವುದು, ತೋರಿಸು.”

ಮದಾಮರಿಗೆ ಹಾಳೆಯ ಗುರುತು ಹತ್ತಿತು. ಅವರ ಬೆರಳು ಮಸಿ ತುಂಬಿದ ವೃತ್ತದ ಮೇಲೆ ಹೋಗಿ ನಿಂತಿತು. ಕೆಂಪು ಗೆರೆ ಸರಿಯಾಗಿ ಅದರ ನಡುವೆಯೇ ಹಾದುಹೋಗಿತ್ತು.

“ಗೀಟು ಹಾಕಿದ್ರೆ ಸತ್ತವರು ಅಂತಂತೆ,” ಅಜ್ಜಿ ಅಂದರು. “ಪಕ್ಕದ ಮನೆ ಹುಡುಗಿ ಹೇಳಿದಳು, ಅವಳೂ ನಿಮ್ಮ ಕಾಲೇಜಲ್ಲೇ ಓದಿದ್ದು. ನನ್ನ ಗಂಡ ಸತ್ತ, ಸರಿ. ಸಾಮಿಹ್‌ಗೆ ಗೀಟು ಹಾಕಿದಾನೆ, ಅದೂ ಸರಿ, ಆ ಅಂಗಿ ಹೋಯ್ತು. ನಾನು ಯಾವಾಗ ಸತ್ತೆ ಮಗಳೇ?”

ಮುತ್ತಿಗೆಯ ದಿನಗಳಲ್ಲಿ ಕೈ ಕಾಲು ಹಾರಿಹೋದವರನ್ನು ಕಂಡೂ ನಡುಗದ ಹೆಂಗಸು, ಒಂದು ಹಾಳೆಯ ಮುಂದೆ ಗರ ಬಡಿದಂತೆ ನಿಂತುಬಿಟ್ಟರು. ಅದು ಆ ಅರ್ಥದ ಗೀಟಲ್ಲ ಅಂತ ಹೇಳಲು ಬಾಯಿ ತೆರೆದರು, ಮತ್ತೆ ಯಾವ ಅರ್ಥದ್ದು ಅಂತ ಹೇಳಲು ಹೊಳೆಯಲಿಲ್ಲ.

ಅಜ್ಜಿ ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಸಂತೆಯ ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಎಂಬತ್ತಮೂರರ ಸೆಪ್ಟೆಂಬರಿನಲ್ಲಿ ರೊಟ್ಟಿ ತರಲು ಹೋದ ಮಗ ರಸ್ತೆಯಲ್ಲೇ ಹೋದ. ಒಬ್ಬನೇ ಮಗ. ಅದೇ ದಿನ ಎರಡು ಹಳ್ಳಿ ಆಚೆ ನಿಝಾರ್ ಹುಟ್ಟಿದ. ನಾಲ್ಕು ವರ್ಷದವನಾದಾಗ ಅವನ ತಾಯಿ ನಜ್ವಾ ಅವನ ಕೈ ಹಿಡಿದು ಇವರ ಬಾಗಿಲಿಗೆ ಕರೆತಂದಳು. ಅಂದಿನಿಂದ ಹದಿನಾರು ವರ್ಷ ಒಂದು ಭಾನುವಾರವೂ ತಪ್ಪಿಸಿದವನಲ್ಲ. ಹನ್ನೆರಡು ವರ್ಷಕ್ಕೇ ಇನ್ಸುಲಿನ್ ಹಾಕಲು ಕಲಿತ. ಈ ಓದಿಗೆ ಸೇರಿದ್ದೂ ಅದೇ ಹುಚ್ಚಿಗೆ. ಈಗ ಐದು ಭಾನುವಾರದಿಂದ ಇಲ್ಲ. ಮೊನ್ನೆ ಬಂದವನು ಕೂರಲೂ ಇಲ್ಲ, ಈ ಕಾಗದ ಮೇಜಿನ ಮೇಲಿಟ್ಟು, ‘ಮದಾಮ್ ಹೇಳಿದ್ದೇ ಸರಿ, ನನ್ನನ್ನ ಬಿಟ್ಟುಬಿಡಿ’ ಅಂತ ಹೇಳಿ ಹೋದ.

“ಉಮ್ ಸಾಮಿಹ್, ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಿ.”

“ಕ್ಷಮೆ ಇಟ್ಟುಕೊಂಡು ನಾನೇನು ಮಾಡಲಿ. ಭಾನುವಾರ ಊಟಕ್ಕೆ ಕಳಿಸು,” ಅಂತ ಹೇಳಿ ಅಜ್ಜಿ ಮುಸುಕು ಸರಿಮಾಡಿಕೊಂಡು ಹೊರಟರು. ಹಾಳೆ ಮೇಜಿನ ಮೇಲೆಯೇ ಉಳಿಯಿತು.

ಆ ಸಂಜೆ ಘಾಟಿ ಇಳಿದು ಮನೆ ಮುಟ್ಟಿದ ಮದಾಮ್ ಕೋಟೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಅಕ್ಕನಿಗೆ ಹೇಳಿದರು. ಲೋರಿಸ್ ಗಂಡ ಸತ್ತ ಮೇಲೆ ತಂಗಿಯ ಜತೆಗೇ ಇದ್ದವರು, ನಾಲಿಗೆ ತುಸು ಹರಿತ.

“ಅವರ ಮುಂದೆ ನೀರು ಕುಡಿದರೆ ಮನಸ್ಸಿಗೆ ನೋವಾಗುತ್ತೆ ಅಂತ ಒಂದು ತಿಂಗಳು ಗಂಟಲು ಒಣಗಿಸ್ಕೊಂಡೋಳು ನೀನು,” ಲೋರಿಸ್ ಅಂದರು. “ಅಂಥೋಳು ಒಬ್ಬ ಮುದುಕಿ ಮಗನ್ನ ಪೆನ್ನಲ್ಲಿ ಹೊಡೆದು ಹಾಕಿದೆ.”

“ಅದು ವಿಜ್ಞಾನದ ಕ್ಲಾಸು ಲೋರಿಸ್. ಇನ್ನೇನು ಮಾಡಬೇಕಿತ್ತು?”

“ಪ್ರತಿ ಭಾನುವಾರ ಗುಡ್ಡ ಹತ್ತಿ ಮಾತೆ ಮರಿಯಳ ಮುಂದೆ ಬತ್ತಿ ಹಚ್ಚಿ ಬರ್ತೀಯಲ್ಲ, ಅದು ಯಾವ ಕ್ಲಾಸು? ಅಲ್ಲೂ ಒಂದು ಗೆರೆ ಎಳಿ, ನೋಡೋಣ.”

ಮದಾಮರಿಗೆ ಹೊಳೆದಿದ್ದು ಬೇರೆಯೇ. ಅವರು ಎಲ್ಲರ ಹಬ್ಬ ಗೊತ್ತುಮಾಡಿಕೊಂಡಿದ್ದರು, ಎಲ್ಲರ ಉಪವಾಸ, ಎಲ್ಲರ ರಜೆ. ಯಾರ ಮನೆಯಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಪ್ರಾಕ್ಟಿಕಲ್ ಮುಗಿದ ಮೇಲೆ ನಿಝಾರನನ್ನು ಲ್ಯಾಬಿನಲ್ಲೇ ನಿಲ್ಲಿಸಿಕೊಂಡರು. ಹುಡುಗ ಬೈಯುತ್ತಾನೆ, ಇಲ್ಲವೇ ಅಳುತ್ತಾನೆ ಅಂತ ಅಂದುಕೊಂಡಿದ್ದರು. ಎರಡಕ್ಕೂ ಸಿದ್ಧವಾಗಿದ್ದರು.

“ನಿಝಾರ್, ಅವತ್ತು ಕ್ಲಾಸಲ್ಲಿ ನಾನು ಆ ಮಾತು ಆಡಬಾರದಿತ್ತು.”

“ಯಾಕೆ ಮದಾಮ್? ಒಳ್ಳೇದೇ ಆಯ್ತು.” ಅವನ ಮುಖದಲ್ಲಿ ನಿಜವಾದ ಕೃತಜ್ಞತೆ ಇತ್ತು. “ನೀವು ಹೇಳಿದ ಹಾಗೇ ಮಾಡಿದೆ. ಸಾಕ್ಷಿ ಏನು ಅಂತ ಕೇಳ್ಕೊಂಡೆ. ಚಿಕ್ಕವನಿದ್ದಾಗ ನಾನು, ಇದು ನನ್ನ ಮನೆ ಅಲ್ಲ, ನನ್ನ ಮನೇಲಿ ಹಿಪ್ಪುನೇರಳೆ ಮರ ಇದೆ, ಗೋಡೆ ಸಂದೀಲಿ ತಗಡಿನ ಡಬ್ಬಿ ಬಚ್ಚಿಟ್ಟಿದ್ದೀನಿ ಅಂತ ಅಳ್ತಿದ್ನಂತೆ. ಆ ಮನೆಗೆ ಕರಕೊಂಡು ಹೋದಾಗ ನೇರ ಗೋಡೆ ಹತ್ರ ಹೋದೆ. ಕಲ್ಲು ಸರಿಸಿದರೆ ಡಬ್ಬಿ ಇತ್ತು, ಒಳಗೆ ಗೋಲಿಗಳು. ಊರಿಗೆ ಊರೇ ಸೇರಿತ್ತಂತೆ.”

“ಮತ್ತೆ?”

“ಮತ್ತೇನು, ನನ್ನ ಸೋದರಮಾವ ಆ ಸಾಮಿಹ್ ಜತೆ ಓದಿದವರು ಮದಾಮ್. ಹೋಗಿ ಕೇಳಿದೆ. ಡಬ್ಬಿ ಬಚ್ಚಿಟ್ಟಿದ್ದು ಅವರಿಬ್ಬರೂ ಸೇರಿ. ಸ್ನೇಹಿತ ಸತ್ತ ದುಃಖಕ್ಕೆ ಆ ಕತೇನ ನಮ್ಮ ಮನೇಲಿ ಕೂತು ಎಷ್ಟು ಸಲ ಹೇಳಿದ್ರೋ. ನಾನು ಅಲ್ಲೇ ತೆವಳ್ತಾ ಇದ್ದೆ. ಕೇಳಿ ಕೇಳಿ ನಂದೇ ಅಂದ್ಕೊಂಡಿದ್ದೀನಿ. ಅಮ್ಮನೂ ಒಪ್ಪಿಕೊಂಡಳು. ಬೇರೆ ದಾರಿಯಿಂದ ಬಂದಿದ್ದು, ನೀವು ಹೇಳಿದ ಹಾಗೇ.”

ಮದಾಮ್ ದಂಗಾಗಿ ಅವನನ್ನೇ ನೋಡಿದರು. ಹನ್ನೆರಡು ವರ್ಷ ಪಾಠ ಮಾಡಿ, ತಮ್ಮ ಮಾತನ್ನು ಕೊನೆಯ ಅಕ್ಷರದವರೆಗೆ ಪಾಲಿಸಿದ ಮೊದಲ ವಿದ್ಯಾರ್ಥಿ ಎದುರಿಗೆ ನಿಂತಿದ್ದ. ಸಂತೋಷಪಡಬೇಕಾದ ಗಳಿಗೆ. ಅವರಿಗೆ ಬಾಯಿ ಕಹಿಯಾಯಿತು.

“ಆ ಅಜ್ಜಿ ನಿನ್ನೆ ಇಲ್ಲಿಗೆ ಬಂದಿದ್ರು. ಭಾನುವಾರ ಒಂದು ಸಲ ಹೋಗಿ ಬಾರಪ್ಪ. ಊಟ ಮಾಡಿ ಬಂದುಬಿಡು.”

“ಏನಂತ ಹೋಗಲಿ?” ಅವನು ಕೇಳಿದ. “ಸಾಮಿಹ್ ಅಂತ ಹೋಗಿ ಕೂತರೆ ಸುಳ್ಳಾಡಿದ ಹಾಗೆ. ನಿಝಾರ್ ಅಂತ ಹೋದರೆ ಅವಳು ಬಾಗಿಲು ತೆಗೆಯೋದು ಯಾರಿಗೆ? ಅವಳು ಕಾಯ್ತಿರೋದು ಮಗನಿಗೆ ಮದಾಮ್. ನಾನು ಅವನಲ್ಲ ಅಂತ ಅವಳ ಮುಖ ನೋಡಿ ಹೇಳೋ ಧೈರ್ಯ ನನಗಿಲ್ಲ. ಅದಕ್ಕೇ ಓಡಿ ಬಂದೆ. ಗೆರೆ ಎಳೆದವರು ನೀವು. ನೀವೇ ಹೋಗಿ ಹೇಳಿ.”

ಹುಡುಗ ಕೈ ತೊಳೆದುಕೊಂಡು ಹೋದ.

ಆ ಭಾನುವಾರ ಅವರು ಪೂಜೆಗೆ ಹೋಗಲಿಲ್ಲ. ಗಾಡಿ ತೆಗೆದುಕೊಂಡು ಹಿಮ ಕರಗಿ ಕೆಸರಾಗಿದ್ದ ದಾರಿಯಲ್ಲಿ ಬೆಟ್ಟ ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರುಹೊಡೆದರು. ಹುಡುಗ ಮೋಸ ಮಾಡಿದ್ದಲ್ಲ, ಯಾರೂ ಮೋಸ ಮಾಡಿದ್ದಲ್ಲ, ಎಳೆ ಮಕ್ಕಳ ಮನಸ್ಸು ಕೇಳಿದ್ದನ್ನು ಕಂಡದ್ದು ಅಂದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸಾವಿನ ಸುದ್ದಿ ಹೇಳಿ ಅಭ್ಯಾಸ ಇದ್ದವರು. ಅಜ್ಜಿಯ ಅಂಗಳಕ್ಕೆ ಬಂದು ಬಾಗಿಲು ತಟ್ಟಿದರು.

ಬಾಗಿಲು ತೆರೆದ ಉಮ್ ಸಾಮಿಹ್ ಮೊದಲು ಮದಾಮರ ಹೆಗಲಾಚೆ ನೋಡಿದರು. ದಾರಿಯಲ್ಲಿ ಇನ್ನು ಯಾರೂ ಇರಲಿಲ್ಲ.

“ಒಳಗೆ ಬಾ, ಚಳಿ.”

ಒಲೆಯ ಪಕ್ಕದ ತಗ್ಗಿನ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಿತ್ತು. ಬದನೆಕಾಯಿ ಹುರಿದು ಟೊಮೇಟೊದಲ್ಲಿ ಬೇಯಿಸಿದ್ದು, ಗೋಧಿ ನುಚ್ಚಿನ ಬುರ್ಗುಲ್, ಆಲಿವ್, ಗಟ್ಟಿ ಮೊಸರು. ಗೋಡೆಯಲ್ಲಿ ಮೀಸೆ ಆಗತಾನೇ ಮೂಡಿದ ಹುಡುಗನ ಫೋಟೋ. ಅಜ್ಜಿ ಚಹಾದಂತೆ ಕುಡಿಯುವ ‘ಮತೆ’ ಎಂಬ ಸೊಪ್ಪಿಗೆ ಬಿಸಿನೀರು ಹೊಯ್ದು, ಹೀರುವ ಕೊಳವೆಯ ತುದಿಯನ್ನು ನಿಂಬೆ ಸಿಪ್ಪೆಯಿಂದ ಒರೆಸಿ ಮದಾಮರ ಕೈಗೆ ಕೊಟ್ಟರು. ಮದಾಮ್ ಎರಡು ಗುಟುಕು ಕುಡಿದು, ಕಲಿತು ಬಂದ ಮಾತು ಶುರುಮಾಡಿದರು.

“ಉಮ್ ಸಾಮಿಹ್, ನಿಝಾರ್ ಎಲ್ಲ ವಿಚಾರಿಸಿದ್ದಾನೆ. ಆ ಗೋಡೆಯ ಡಬ್ಬಿ ವಿಷಯ…”

“ಅವನ ಸೋದರಮಾವನಿಗೆ ಗೊತ್ತಿತ್ತು. ಅದೇ ತಾನೆ?”

ಮದಾಮ್ ಲೋಟ ಕೆಳಗಿಟ್ಟರು.

“ಸಾಮಿಹ್ ಹೋದ ಮೂರನೇ ದಿನ ಆ ಮಾವ ಇಲ್ಲೇ ಕೂತು, ಅಳ್ತಾ ಅಳ್ತಾ ನನಗೇ ಹೇಳಿದ್ದ ಡಬ್ಬಿ ಕತೆ,” ಅಜ್ಜಿ ಅಂದರು. “ನಾಲ್ಕು ವರ್ಷ ಆದ್ಮೇಲೆ ಈ ಮಗು ಬಂದು ಕಲ್ಲು ತೋರಿಸ್ತು. ಊರಿನವರೆಲ್ಲ ಕೈ ಮುಗಿದರು. ನಾನು ಮಾತ್ರ ಮಾವನ ಮುಖ ನೋಡಿದೆ. ಅವನು ನೆಲ ನೋಡ್ತಿದ್ದ.”

“ಹಾಗಾದ್ರೆ ನಿಮಗೆ ಮೊದಲಿಂದಲೂ…”

“ನೀನು ಬದನೆಕಾಯಿ ತಿನ್ನು, ಆರಿಹೋಗುತ್ತೆ. ನನ್ನ ಸಾಮಿಹ್ ಇದನ್ನ ಮೂಸಿಯೂ ನೋಡ್ತಿರ್ಲಿಲ್ಲ, ಗೊತ್ತಾ? ವಾಂತಿ ಮಾಡ್ಕೊಳ್ಳೋನು. ಇವನು ಬಂದ ಮೊದಲ ದಿನಾನೇ ಎರಡು ತಟ್ಟೆ ತಿಂದ. ಊರಿಗೆ ಊರೇ ನೋಡ್ತಿತ್ತು. ನಾನು, ನೋಡ್ರಪ್ಪ, ನನ್ನ ಮಗನಿಗೆ ಬದನೆಕಾಯಿ ಅಂದ್ರೆ ಪ್ರಾಣ ಅಂದುಬಿಟ್ಟೆ.”

ಯಾವ ಸತ್ಯವನ್ನು ಈ ಮುದಿ ಜೀವದ ಎದೆಗೆ ಹೇಗೆ ಇಳಿಸಲಿ ಅಂತ ಮದಾಮ್ ನಾಲ್ಕು ರಾತ್ರಿ ಹೊರಳಾಡಿದ್ದರೋ, ಆ ಸತ್ಯ ಈ ಮನೆಯಲ್ಲಿ ಅವರಿಗಿಂತ ಹದಿನಾರು ವರ್ಷ ಮುಂಚೆಯೇ ಬಂದು ಕೂತಿತ್ತು. ಇಷ್ಟು ದಿನ ತಾವು ಯಾರಿಗೆ ಏನು ಕಲಿಸುತ್ತಿದ್ದೆವು ಅಂತ ಅವರಿಗೆ ನಾಚಿಕೆಯಾಯಿತು.

“ಹಾಗಂತ ಅವನು ನನ್ನ ಮಗ ಅಲ್ಲ ಅಂತಲೂ ನಾನು ಹೇಳಲ್ಲ,” ಅಜ್ಜಿ ಮುಂದುವರಿಸಿದರು. “ಅವತ್ತು ಬಾಗಿಲಲ್ಲಿ ನಿಂತು, ಅಮ್ಮಾ, ಇಷ್ಟು ಹೊತ್ತು ಯಾಕೆ ಬಾಗಿಲು ಹಾಕಿದ್ದೆ ಅಂದ. ಅದನ್ನ ಯಾರು ಹೇಳಿಕೊಟ್ಟಿದ್ರೋ, ಯಾರೂ ಹೇಳಿಕೊಟ್ಟಿರಲಿಲ್ಲವೋ, ದೇವರಿಗೆ ಗೊತ್ತು. ನಾನು ಕೇಳಕ್ಕೆ ಹೋಗಲಿಲ್ಲ. ನನ್ನ ಸಾಮಿಹ್ ಎಲ್ಲಿ ಹುಟ್ಟಿದಾನೋ, ಹುಟ್ಟಿಯಂತೂ ಇದಾನೆ. ಅಲ್ಲಿ ಯಾವಳೋ ಒಬ್ಬಳು ಉಣ್ಣಕ್ಕೆ ಹಾಕ್ತಿದಾಳೆ. ನನ್ನ ಬಾಗಿಲಿಗೆ ಬಂದ ಮಗುವಿಗೆ ನಾನು ಹಾಕಿದೆ.”

ಆಮೇಲೆ ಅಜ್ಜಿ ಮದಾಮರ ಮೊಣಕೈ ಹಿಡಿದರು.

“ಇದನ್ನ ಅವನಿಗೆ ಹೇಳಬೇಡ. ಇಷ್ಟು ವರ್ಷ ನಾನು ನಾಟಕ ಆಡಿದೆ ಅಂದ್ಕೊಳ್ತಾನೆ. ಈಗ ಬರದೇ ಇದ್ದರೂ, ಒಂದು ಕಾಲದಲ್ಲಿ ಇವಳನ್ನ ತಾಯಿ ಅಂದಿದ್ದೆ ಅನ್ನೋದಾದ್ರೂ ಅವನಿಗೆ ಉಳೀಲಿ.”

ಮದಾಮ್ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದರು. ಮಾತು ಕೊಡಲಿಲ್ಲ. ಅಜ್ಜಿಯೂ ಒತ್ತಾಯಿಸಲಿಲ್ಲ.

ಆ ರಾತ್ರಿಯೂ ನಿದ್ದೆ ಬರಲಿಲ್ಲ. ಹೇಳಿದರೆ ಮುದುಕಿಗೆ ದ್ರೋಹ. ಹೇಳದಿದ್ದರೆ ಆ ತಾಯಿ ಎರಡನೇ ಸಲ ಮಗನನ್ನು ಕಳೆದುಕೊಂಡ ಹಾಗೆ, ಅದೂ ಮದಾಮರ ಕೈಯಿಂದ. ಒಮ್ಮೆ ಯಾರನ್ನೂ ಕೇಳದೆ ಗೆರೆ ಎಳೆದದ್ದಾಗಿತ್ತು. ಈಗ ಮತ್ತೆ ಯಾರನ್ನೂ ಕೇಳದೆ ಇನ್ನೊಂದು ತೀರ್ಮಾನ ಮಾಡಬೇಕಾಗಿತ್ತು.

ಸೋಮವಾರ ಬೆಳಗಿನ ಪ್ರಾಕ್ಟಿಕಲ್ಲಿಗೆ ನಿಝಾರ್ ಎಲ್ಲರಿಗಿಂತ ಮುಂಚೆ ಬಂದು ಟ್ರೇ ಜೋಡಿಸುತ್ತಿದ್ದ. ಮದಾಮ್ ಲ್ಯಾಬಿನ ಬಾಗಿಲು ಮುಂದೆ ಮಾಡಿ, ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟರು. ಸೋದರಮಾವ ನೆಲ ನೋಡಿದ್ದು, ಬದನೆಕಾಯಿ, ಹೇಳಬೇಡ ಅಂದದ್ದು, ಎಲ್ಲ.

ಹುಡುಗನ ಕೈಯಲ್ಲಿದ್ದ ಹತ್ತಿಯ ಉಂಡೆ ಕೆಳಗೆ ಬಿತ್ತು.

“ಬದನೆಕಾಯಿ ಸಾಮಿಹ್‌ಗೆ ಆಗ್ತಿರ್ಲಿಲ್ವಾ?”

“ಮೂಸಿಯೂ ನೋಡ್ತಿರ್ಲಿಲ್ವಂತೆ.”

“ಪ್ರತಿ ಭಾನುವಾರ ಅದನ್ನೇ ಮಾಡ್ತಿದ್ದಳು. ಹದಿನಾರು ವರ್ಷ.” ಅವನು ತನಗೇ ಹೇಳಿಕೊಂಡ. “ಮೊದಲ ದಿನವೇ ಗೊತ್ತಿತ್ತಾ?”

“ಗೊತ್ತಿತ್ತಂತೆ.”

ಹೊರಗೆ ಉಳಿದವರು ಬಾಗಿಲು ತಟ್ಟುತ್ತಿದ್ದರು. ಮದಾಮ್ ತೆಗೆಯಲಿಲ್ಲ. ಹುಡುಗ ಎಲ್ಲಿ ಕೂಗಾಡುತ್ತಾನೋ, ಅವಳೂ ಸುಳ್ಳಿ, ನೀವೂ ಸುಳ್ಳಿ ಅನ್ನುತ್ತಾನೋ ಅಂತ ಅವರು ಅಂಜಿದರು.

“ಹಾಗಾದ್ರೆ ಬಾಗಿಲು ತೆಗೀತಿದ್ದಿದ್ದು ನನಗೇನಾ?” ನಿಝಾರ್ ಕೇಳಿದ. “ಸಾಮಿಹ್‌ಗಲ್ಲ, ನನಗೆ?”

ಮದಾಮ್ ಉತ್ತರ ಹುಡುಕುತ್ತಿರುವಾಗಲೇ ಅವನು ಬಿಳಿ ಕೋಟು ಬಿಚ್ಚಿ ಬೆಂಚಿನ ಮೇಲೆ ಹಾಕಿದ. ಚೀಲವನ್ನೂ ತೆಗೆದುಕೊಳ್ಳದೆ ಬಾಗಿಲಿಗೆ ನಡೆದ.

“ಎಲ್ಲಿಗೋ? ಇವತ್ತು ಸೋಮವಾರ. ಅವರು ಏನೂ ಮಾಡಿರಲ್ಲ.”

“ಇದ್ದಿದ್ದು ತಿಂತೀನಿ ಮದಾಮ್,” ಅಂತ ಹೇಳಿ ಅವನು ಹೋದ.